ನೂರಕ್ಕೆ ನೂರು ರಿಸಲ್ಟ್ ಅಂತ ಬ್ಯಾನರ್ ನೋಡಿ ಮಕ್ಕಳನ್ನು ಸೇರಿಸಬೇಡಿ

ಮೇ ತಿಂಗಳು ಬಂತೆಂದರೆ ಪಾಲಕರದ್ದು ಒಂದೇ ಪ್ರಶ್ನೆ: "ಸರ, ನಿಮ್ಮ ಸಾಲಿ ರಿಸಲ್ಟ್ ಎಷ್ಟಾತ್ರಿ?" ನಾನು ವಿಜಯಪುರ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯ ಮುಖ್ಯ ಶಿಕ್ಷಕ. ರಿಸಲ್ಟ್ ಹೇಳ್ತೀನಿ. ಆದರೆ ಎಂಟನೇ ತರಗತಿಗೆ ಎಷ್ಟು ಮಕ್ಕಳು ಸೇರಿದ್ದರು, ಅವರಲ್ಲಿ ಎಷ್ಟು ಜನ ಹತ್ತನೇ ಪರೀಕ್ಷೆಗೆ ಕೂತರು ಅಂತ ಒಬ್ಬರೂ ಕೇಳುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಒಂದು ಶಾಲೆಗೆ 60 ಮಕ್ಕಳು ಸೇರಿದರು, 40 ಜನ ಪರೀಕ್ಷೆ ಬರೆದರು, 38 ಪಾಸು. ಬ್ಯಾನರ್ ಮೇಲೆ ಶೇ 95. ಇನ್ನೊಂದರಲ್ಲೂ 60 ಜನ ಸೇರಿದರು, 58 ಜನ ಬರೆದರು, 46 ಪಾಸು. ಇದು ಶೇ 79. ನೀವು ಮೊದಲನೆಯದಕ್ಕೆ ಓಡ್ತೀರಿ. ಆದರೆ ಸೇರಿದ ಅರವತ್ತರಲ್ಲಿ ದಡ ಮುಟ್ಟಿದ್ದು ಅಲ್ಲಿ 38, ಇಲ್ಲಿ 46. ನಿಮ್ಮ ಮಗು ಸೇರುವುದು ಆ ಅರವತ್ತರಲ್ಲಿ ಒಂದಾಗಿ, ನಲವತ್ತರಲ್ಲಿ ಅಲ್ಲ. ಉಳಿದ 20 ಮಕ್ಕಳು ಎಲ್ಲಿ ಹೋದರು ಅಂತ ಕೇಳಬೇಕಲ್ವಾ?

ಎಲ್ಲರನ್ನೂ ಶಾಲೆಯೇ ಹೊರಗೆ ಹಾಕಿತು ಅಂತಲ್ಲ. ಅಪ್ಪನಿಗೆ ವರ್ಗವಾಗಿರುತ್ತದೆ, ಮದುವೆ ಮಾಡಿರುತ್ತಾರೆ, ಗುಳೆ ಹೋಗಿರುತ್ತಾರೆ. ಅದಕ್ಕೇ ಕೇಳಿ ತಿಳಿದುಕೊಳ್ಳಿ ಅನ್ನುವುದು.

ನಮ್ಮ ಕಡೆ ತಾಂಡಾಗಳಿಂದ ದಸರಾ ಆದಮೇಲೆ ಕಬ್ಬು ಕಡಿಯುವ ಗ್ಯಾಂಗ್ ಮಹಾರಾಷ್ಟ್ರಕ್ಕೆ ಹೊರಡುತ್ತದೆ. ಒಬ್ಬ ಹುಡುಗಿ ಒಂಬತ್ತನೇ ತರಗತಿಯಲ್ಲಿ ಹಾಗೆ ಹೋಗಿ ಫೆಬ್ರವರಿಯಲ್ಲಿ ಬಂದಳು. ಅಂಗೈ ತುಂಬಾ ಕಬ್ಬಿನ ಸೋಗೆಯ ಗೀರು, ಗಣಿತದ ನೋಟ್‌ಬುಕ್ ಅರ್ಧಕ್ಕೇ ನಿಂತಿತ್ತು. "ಹತ್ತನೇದರಾಗ ಪಾಸಾಗಂಗಿಲ್ಲ, ಟಿಸಿ ಒಯ್ರಿ" ಅಂದಿದ್ದರು ಅವಳ ಶಾಲೆಯವರು. ನಮ್ಮಲ್ಲಿ ಸೇರಿಸಿಕೊಂಡೆವು. ಆ ವರ್ಷ ಅಜ್ಜಿಯ ಹತ್ತಿರ ಉಳಿದಳು. ಪರೀಕ್ಷೆ-1ರಲ್ಲಿ ಗಣಿತ ಹೋಯಿತು, ಅದೇ ವರ್ಷ ಮತ್ತೆ ಬರೆಯಲು ಕೊಡುವ ಪರೀಕ್ಷೆ-2ರಲ್ಲಿ ಪಾಸಾದಳು. ಈಗ ಪಿಯುಸಿ ಓದ್ತಾ ಇದ್ದಾಳೆ. ಮೇ ತಿಂಗಳ ಪಟ್ಟಿಯಲ್ಲಿ ಮಾತ್ರ ಅವಳು ನಮ್ಮ ಶಾಲೆಯ ಫೇಲು, ಟಿಸಿ ಕೊಟ್ಟ ಶಾಲೆಯ ಲೆಕ್ಕದಲ್ಲಿ ಅವಳು ಇಲ್ಲವೇ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ಬರೀ ಶೇಕಡಾವಾರನ್ನು ನಂಬಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಗ್ರೇಸ್ ಅಂಕ ಜಾಸ್ತಿ ಕೊಟ್ಟರೂ ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಕಲಿಕೆ ಅಷ್ಟು ಕೆಡುವುದಿಲ್ಲ. ಸಣ್ಣ ಶಾಲೆಯಲ್ಲಂತೂ 20 ಮಕ್ಕಳಿದ್ದರೆ ಒಬ್ಬ ಫೇಲಾದರೆ ಶೇ 5 ಹೋಯಿತು. ಅಷ್ಟಕ್ಕೇ "ಸಾಲಿ ಕೆಟ್ಟೈತಿ" ಅಂತ ಊರವರು ಮಕ್ಕಳನ್ನು ಬಿಡಿಸುತ್ತಾರೆ. ಮಕ್ಕಳು ಕಡಿಮೆಯಾದರೆ ಇದ್ದ ಶಿಕ್ಷಕರನ್ನೂ ಹೆಚ್ಚುವರಿ ಅಂತ ಬೇರೆ ಕಡೆ ಕಳಿಸುತ್ತಾರೆ.

ಈ ಜೂನ್‌ನಲ್ಲಿ ಹೋದಾಗ ಮೂರು ವರ್ಷದ ಸಂಖ್ಯೆ ಕೇಳಿ: ಎಂಟಕ್ಕೆ ಸೇರಿದವರು, ಹತ್ತನೇದು ಬರೆದವರು, ಆ ವರ್ಷದ ಎಲ್ಲ ಪರೀಕ್ಷೆ ಸೇರಿಸಿ ಪಾಸಾದವರು. ಗಣಿತ, ಇಂಗ್ಲಿಷ್, ವಿಜ್ಞಾನಕ್ಕೆ ಕಾಯಂ ಶಿಕ್ಷಕರು ಇದ್ದಾರಾ ಅಂತಲೂ ಕೇಳಿ. ನಿಮ್ಮ ಮಗು ಓದಿನಲ್ಲಿ ಹಿಂದಿದೆ ಅಂತ ಯಾರಾದರೂ ಟಿಸಿ ಒಯ್ಯಿರಿ ಅಂದರೆ ಸುಮ್ನೆ ಸಹಿ ಹಾಕಬೇಡಿ. ಮೊದಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ಮಾತಾಡಿ.