ಇನ್ಹೇಲರ್ ಮಗುವಿನ ಜೇಬಿನಲ್ಲಿರಬೇಕೋ, ಆಫೀಸಿನ ಬೀರುವಿನಲ್ಲೋ?

ಅಮೆರಿಕದ ಶಾಲೆಯಲ್ಲಿ ಅಸ್ತಮಾ ಇರುವ ಮಗು ತನ್ನ ಇನ್ಹೇಲರನ್ನು ತಾನೇ ಇಟ್ಟುಕೊಂಡು, ಬೇಕಾದಾಗ ತಾನೇ ಬಳಸಬಹುದಾ? ಕಾನೂನನ್ನು ಕೇಳಿದರೆ ಉತ್ತರ ಸುಲಭ. ಹೌದು. 50 ರಾಜ್ಯಗಳಲ್ಲೂ ಇದಕ್ಕೆ ಅವಕಾಶವಿದೆ. ಅಲರ್ಜಿ ಇರುವ ಮಕ್ಕಳು ತುರ್ತಿಗೆ ಚುಚ್ಚಿಕೊಳ್ಳುವ ಎಪಿನೆಫ್ರಿನ್ ಔಷಧಿಯ ಪೆನ್ನಿಗೂ ಇದೆ. ಆದರೂ ಪ್ರತಿ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಅದೇ ಗೊಂದಲ ಮತ್ತೆ ತಲೆ ಎತ್ತುತ್ತದೆ. ಫೆಡರಲ್ (ಕೇಂದ್ರ) ಕಾನೂನು ಒಂದು ಹೇಳುತ್ತದೆ, ರಾಜ್ಯದ ಕಾನೂನು ಅದಕ್ಕೆ ಷರತ್ತು ಸೇರಿಸುತ್ತದೆ, ಶಾಲಾ ಮಂಡಳಿಯ ನಿಯಮ ಪುಸ್ತಕ ಇನ್ನೊಂದಿಷ್ಟು ಸೇರಿಸುತ್ತದೆ, ಕೊನೆಗೆ ಬಾಗಿಲಲ್ಲಿ ನಿಂತ ಟೀಚರಿಗೆ ಇದ್ಯಾವುದೂ ಸರಿಯಾಗಿ ಗೊತ್ತಿರುವುದಿಲ್ಲ. ಇದು ಇಷ್ಟು ಸಿಕ್ಕಾದದ್ದು ಹೇಗೆ ಅಂತ ನೋಡಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಮೊದಲು ಔಷಧಿಯ ಕಥೆ. 1955ರ ಸುಮಾರಿಗೆ ರೈಕರ್ ಲ್ಯಾಬೊರೇಟರೀಸ್ ಎಂಬ ಔಷಧ ಕಂಪನಿಯ ಅಧ್ಯಕ್ಷರ ಮಗಳಿಗೆ ಅಸ್ತಮಾ ಇತ್ತು. ಆಗೆಲ್ಲ ಗಾಜಿನ ನೆಬ್ಯುಲೈಸರಿನ ರಬ್ಬರ್ ಬುಡ್ಡೆಯನ್ನು ಕೈಯಲ್ಲಿ ಹಿಂಡಿ ಔಷಧಿ ಎಳೆದುಕೊಳ್ಳಬೇಕಿತ್ತು. ಅದು ಬೇಗ ಒಡೆಯುತ್ತಿತ್ತು, ಸೋರುತ್ತಿತ್ತು. ಕೂದಲಿಗೆ ಹೊಡೆಯುವ ಸ್ಪ್ರೇ ಹಾಗೆ ನನ್ನ ಔಷಧಿಯನ್ನೂ ಡಬ್ಬಿಯಲ್ಲಿ ಯಾಕೆ ತುಂಬಿಸಬಾರದು ಅಂತ 13 ವರ್ಷದ ಆ ಹುಡುಗಿ ಅಪ್ಪನನ್ನು ಕೇಳಿದಳು. 1956ರಲ್ಲಿ, ಒತ್ತಿದಾಗೆಲ್ಲ ಒಂದೇ ಅಳತೆಯ ಔಷಧಿ ಬಿಡುವ ಮೊದಲ ಇನ್ಹೇಲರ್ ಮಾರುಕಟ್ಟೆಗೆ ಬಂತು. ಎಪಿಪೆನ್ ಅನ್ನುವ ಎಪಿನೆಫ್ರಿನ್ ಪೆನ್ನು ಹುಟ್ಟಿದ್ದು ಬೇರೆಯೇ ಕಡೆ. ವಿಷಾನಿಲದ ದಾಳಿಯಾದರೆ ಸೈನಿಕರು ತಮಗೆ ತಾವೇ ಚುಚ್ಚಿಕೊಳ್ಳಲಿ ಅಂತ ಮಾಡಿದ ಆಟೋ ಇಂಜೆಕ್ಟರನ್ನು (ಒತ್ತಿದರೆ ಸೂಜಿ ತಾನೇ ಚುಚ್ಚುವ ಸಾಧನ) ಅಲರ್ಜಿಗೆ ಒಗ್ಗಿಸಿದರು, 1987ರಲ್ಲಿ ಅದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿತು. ಎರಡನ್ನೂ ಮಾಡಿದ್ದು ಒಂದೇ ಉದ್ದೇಶಕ್ಕೆ, ರೋಗಿಯ ಕೈಯಲ್ಲೇ ಇರಲಿ ಅಂತ.

ಯಾಕೆಂದರೆ ಇಲ್ಲಿ ಲೆಕ್ಕ ನಿಮಿಷದ್ದು. ಅಸ್ತಮಾ ಕೆರಳಿದಾಗ ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗೆ ಊತ, ಜೊತೆಗೆ ಕಫ. ಇನ್ಹೇಲರಿನಲ್ಲಿರುವ ಆಲ್ಬ್ಯುಟೆರಾಲ್ ಔಷಧಿ ಒಳಗೆ ಹೋದರೆ ಕೆಲವೇ ನಿಮಿಷದಲ್ಲಿ ಆ ಬಿಗಿ ಸಡಿಲವಾಗುತ್ತದೆ. ಆದರೆ ತಡವಾದಷ್ಟೂ ಉಸಿರು ಒಳಗೆ ಎಳೆಯುವುದೇ ಕಷ್ಟ, ಉಸಿರು ಎಳೆಯಲಾಗದಿದ್ದರೆ ಔಷಧಿಯೂ ಒಳಗೆ ಹೋಗುವುದಿಲ್ಲ. ತೀವ್ರ ಅಲರ್ಜಿ ಇನ್ನೂ ಕೆಟ್ಟದ್ದು. ಗಂಟಲು ಊದಿಕೊಂಡು, ರಕ್ತದೊತ್ತಡ ಕುಸಿದು, ಮಗು ನೋಡನೋಡುತ್ತಲೇ ನೆಲಕ್ಕೆ ಬೀಳಬಹುದು. ಅಂಥ ಹೊತ್ತಲ್ಲಿ ಅಲರ್ಜಿ ಮಾತ್ರೆ ನುಂಗಿಸಿ ಕಾಯುವುದರಿಂದ ಪ್ರಯೋಜನವಿಲ್ಲ. ಮಾತ್ರೆ ತುರಿಕೆ, ದದ್ದು ಕಮ್ಮಿ ಮಾಡೀತು, ಉಸಿರಿನ ದಾರಿ ತೆರೆಯುವುದಿಲ್ಲ. ತೊಡೆಯ ಹೊರಬದಿಗೆ ಎಪಿನೆಫ್ರಿನ್ ಚುಚ್ಚಬೇಕು, ಬೇಕಿದ್ದರೆ ಬಟ್ಟೆಯ ಮೇಲಿಂದಲೇ.

ಇಷ್ಟು ಗೊತ್ತಿದ್ದೂ ಔಷಧಿ ಬೀರುವಿನೊಳಗೆ ಸೇರಿದ್ದು ಹೇಗೆ?

ಅದಕ್ಕೆ 1980ರ ದಶಕದ ಕೊನೆ ಮತ್ತು 1990ರ ದಶಕ ನೋಡಬೇಕು. ಅಮೆರಿಕದಲ್ಲಿ ಮಾದಕ ವಸ್ತುಗಳ ವಿರುದ್ಧ ದೊಡ್ಡ ಅಲೆ ಎದ್ದಿದ್ದ ಕಾಲ. 1994ರ ಗನ್ ಫ್ರೀ ಸ್ಕೂಲ್ಸ್ ಆಕ್ಟ್, ಬಂದೂಕು ತಂದ ವಿದ್ಯಾರ್ಥಿಯನ್ನು ಕನಿಷ್ಠ ಒಂದು ವರ್ಷ ಹೊರಹಾಕುವ ನಿಯಮ ಮಾಡಿ ಎಂದು ರಾಜ್ಯಗಳಿಗೆ ಹೇಳಿತು, ಮಾಡದಿದ್ದರೆ ಫೆಡರಲ್ ಹಣವಿಲ್ಲ. ಕಾನೂನು ಹೇಳಿದ್ದು ಬಂದೂಕಿನ ಬಗ್ಗೆ. ಆದರೆ ಶೂನ್ಯ ಸಹನೆ ಅನ್ನುವ ಆ ಧೋರಣೆ ಬಂದೂಕಿಗೇ ನಿಲ್ಲಲಿಲ್ಲ, ಚಾಕುವಿಗೆ ಬಂತು, ಗಾಂಜಾಕ್ಕೆ ಬಂತು, ಆಮೇಲೆ ತಲೆನೋವಿನ ಮಾತ್ರೆಗೂ ಬಂತು. ಒಂದೊಂದು ಮಂಡಳಿಯೂ ತನ್ನದೇ ನಿಯಮ ಬರೆದುಕೊಂಡಿತು. ಹೆಚ್ಚು ಕಡಿಮೆ ಎಲ್ಲದರ ಸಾರ ಒಂದೇ: ಯಾವ ಔಷಧಿಯೂ ವಿದ್ಯಾರ್ಥಿಯ ಬಳಿ ಇರಬಾರದು, ಅಪ್ಪ ಅಮ್ಮನೇ ಬಂದು ಲೇಬಲ್ ಇರುವ ಮೂಲ ಡಬ್ಬಿಯಲ್ಲಿ ಆಫೀಸಿಗೆ ಕೊಡಬೇಕು, ಅದು ಬೀಗದೊಳಗೆ ಇರುತ್ತದೆ.

ಈ ಧೋರಣೆ ಎಲ್ಲಿಗೆ ಹೋಗಿ ಮುಟ್ಟಿತು ಅನ್ನುವುದಕ್ಕೆ ಒಂದು ಪ್ರಕರಣ ಸಾಕು. 2003ರಲ್ಲಿ ಅರಿಝೋನಾದ ಸ್ಯಾಫರ್ಡ್‌ನಲ್ಲಿ 13 ವರ್ಷದ ಹುಡುಗಿಯೊಬ್ಬಳ ಹತ್ತಿರ ಐಬುಪ್ರೊಫೆನ್ ಮಾತ್ರೆ ಇದೆ ಅಂತ ಯಾರೋ ಹೇಳಿದ್ದಕ್ಕೆ ಶಾಲೆಯವರು ಅವಳ ಬಟ್ಟೆ ಬಿಚ್ಚಿಸಿ ಹುಡುಕಿದರು. ಏನೂ ಸಿಗಲಿಲ್ಲ. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2009ರಲ್ಲಿ ಕೋರ್ಟು ಆ ಶೋಧ ಸಂವಿಧಾನಕ್ಕೆ ವಿರುದ್ಧ ಅಂತ 8-1ರ ಬಹುಮತದಲ್ಲಿ ಹೇಳಿತು, ಆದರೆ ಕಾನೂನು ಆಗ ಸ್ಪಷ್ಟವಿರಲಿಲ್ಲ ಅನ್ನುವ ಕಾರಣಕ್ಕೆ ಸಿಬ್ಬಂದಿಯನ್ನು ವೈಯಕ್ತಿಕ ಹೊಣೆಯಿಂದ ಬಿಟ್ಟಿತು. ನೋವಿನ ಮಾತ್ರೆಗೇ ಇಷ್ಟು ಅಂದರೆ, ಒತ್ತಿದರೆ ಬುಸ್ ಅನ್ನುವ ಡಬ್ಬಿಯನ್ನು ಜೇಬಿನಲ್ಲಿಟ್ಟುಕೊಂಡ ಹುಡುಗನ ಪಾಡು ಊಹಿಸಿಕೊಳ್ಳಿ.

ಬೀಗದ ವ್ಯವಸ್ಥೆ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ನಡೆಯುವುದು ಬೇರೆ. ಮಗು ಮೈದಾನದಲ್ಲಿ ಓಡುತ್ತಿದೆ, ತಣ್ಣನೆಯ ಒಣಗಾಳಿ, ಎದೆ ಬಿಗಿಯಲು ಶುರುವಾಯಿತು. ಮೊದಲು ಆಟದ ಟೀಚರಿಗೆ ಹೇಳಬೇಕು. ಸ್ವಲ್ಪ ಕೂತುಕೋ, ಸರಿಹೋಗುತ್ತೆ ಅನ್ನುತ್ತಾರೆ ಅವರು. ಹೋಗದಿದ್ದರೆ ಚೀಟಿ ಬರೆದುಕೊಡುತ್ತಾರೆ. ಚೀಟಿ ಹಿಡಿದು ಉದ್ದದ ಕಾರಿಡಾರ್ ದಾಟಿ ನರ್ಸ್ ಕೋಣೆಗೆ ಹೋದರೆ ಬಾಗಿಲು ಹಾಕಿದೆ. ನರ್ಸ್ ಇವತ್ತು ಇನ್ನೊಂದು ಶಾಲೆಯಲ್ಲಿ. ಕೀ ಇರುವುದು ಆಫೀಸಿನ ಗುಮಾಸ್ತೆಯ ಬಳಿ, ಅವರು ಫೋನಿನಲ್ಲಿದ್ದಾರೆ. ಕೀ ಸಿಕ್ಕಿ, ಬೀರು ತೆಗೆದು, ಹೆಸರು ನೋಡಿ, ರಿಜಿಸ್ಟರಿನಲ್ಲಿ ಬರೆದು ಕೊಡುವಷ್ಟರಲ್ಲಿ ಮಗುವಿಗೆ ಒಂದು ಪೂರ್ತಿ ವಾಕ್ಯ ಹೇಳಲು ಆಗುತ್ತಿಲ್ಲ. ಇದರಲ್ಲಿ ಯಾರೂ ತಪ್ಪು ಮಾಡಿಲ್ಲ ನೋಡಿ. ಎಲ್ಲರೂ ನಿಯಮದ ಪ್ರಕಾರವೇ ನಡೆದುಕೊಂಡಿದ್ದಾರೆ.

ನರ್ಸ್ ಕೊರತೆ ಸಣ್ಣ ವಿಷಯವಲ್ಲ. ಒಂದೇ ನರ್ಸ್ ಎರಡು ಮೂರು ಶಾಲೆ ಸುತ್ತುವುದು ಅಲ್ಲಿ ಮಾಮೂಲು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮೊದಲು 750 ಮಕ್ಕಳಿಗೆ ಒಬ್ಬ ನರ್ಸ್ ಇರಲಿ ಅನ್ನುತ್ತಿತ್ತು, 2016ರಲ್ಲಿ ಪ್ರತಿ ಶಾಲೆಗೂ ಪೂರ್ಣಾವಧಿಯ ಒಬ್ಬರು ಬೇಕು ಅಂತ ಬದಲಾಯಿಸಿತು. ಬೇಕು ಅನ್ನುವುದು ಬೇರೆ, ದುಡ್ಡು ಕೊಡುವುದು ಬೇರೆ.

ಅತ್ತ ವೈದ್ಯರು ಹೇಳುತ್ತಿದ್ದುದು ಪೂರ್ತಿ ಉಲ್ಟಾ. 1991ರಲ್ಲಿ ರಾಷ್ಟ್ರೀಯ ಅಸ್ತಮಾ ಕಾರ್ಯಕ್ರಮ ತನ್ನ ಮೊದಲ ಮಾರ್ಗಸೂಚಿ ತಂದಿತ್ತು. ರೋಗಿ ತನ್ನ ಕಾಯಿಲೆಯನ್ನು ತಾನೇ ಸಂಭಾಳಿಸಲು ಕಲಿಯಬೇಕು, ಲಕ್ಷಣ ಕಂಡ ಕೂಡಲೇ ಔಷಧಿ ತೆಗೆದುಕೊಳ್ಳಬೇಕು ಅನ್ನುವುದು ಅದರ ತಿರುಳು. ಆಸ್ಪತ್ರೆಯಲ್ಲಿ ಡಾಕ್ಟರು ಹತ್ತು ವರ್ಷದ ಹುಡುಗಿಗೆ ಇನ್ಹೇಲರ್ ಅಲುಗಾಡಿಸು, ಉಸಿರು ಪೂರ್ತಿ ಹೊರಬಿಡು, ಒತ್ತುತ್ತಾ ನಿಧಾನವಾಗಿ ಎಳೆದುಕೋ, ಹತ್ತರವರೆಗೆ ಎಣಿಸು, ಯಾವಾಗಲೂ ಜೊತೆಗಿರಲಿ ಅಂತ ಹೇಳಿಕೊಡುವುದು, ಮಾರನೇ ದಿನ ಶಾಲೆಯಲ್ಲಿ ಅದನ್ನು ಕಿತ್ತಿಡುವುದು. ಹೀಗೇ ವರ್ಷಗಟ್ಟಲೆ ನಡೆಯಿತು.

ಶಾಲೆಗಳ ಭಯ ಸುಳ್ಳೇನಲ್ಲ. ಒಬ್ಬನ ಇನ್ಹೇಲರ್ ಇನ್ನೊಬ್ಬ ಎಳೆದರೆ? ಪೆನ್ನನ್ನು ಆಟಕ್ಕೆ ಬೆರಳಿಗೆ ಚುಚ್ಚಿಕೊಂಡರೆ? ಮಗು ತಪ್ಪು ಬಳಸಿ ಏನಾದರೂ ಆದರೆ ಕೇಸು ಯಾರ ಮೇಲೆ? ಕೇಳಬೇಕಾದ ಪ್ರಶ್ನೆಗಳೇ. ಆದರೆ ತೂಗಿ ನೋಡಿದರೆ ಗೆಳೆಯ ಒಮ್ಮೆ ಆಲ್ಬ್ಯುಟೆರಾಲ್ ಎಳೆದುಕೊಂಡರೆ ಸಾಮಾನ್ಯವಾಗಿ ಆಗುವುದು ಕೈ ನಡುಕ, ಜಾಸ್ತಿಯಾದ ಎದೆಬಡಿತ. ಬೇಕಾದವನಿಗೆ ಸಿಗದಿದ್ದರೆ ಆಗುವುದು ಅದಲ್ಲ.

ಪೋಷಕರ ಮತ್ತು ಅಸ್ತಮಾ ಸಂಘಟನೆಗಳ ಒತ್ತಡದಿಂದ ಒಂದೊಂದೇ ರಾಜ್ಯ ಕಾನೂನು ಬದಲಿಸುತ್ತಾ ಬಂತು. ತಿರುವು ಸಿಕ್ಕಿದ್ದು 2004ರಲ್ಲಿ. ಆ ಅಕ್ಟೋಬರ್ 30ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅಸ್ತಮಾ ಶಾಲಾಮಕ್ಕಳ ಚಿಕಿತ್ಸೆಯ ಕಾಯ್ದೆಗೆ ಸಹಿ ಹಾಕಿದರು. ಇದನ್ನು ಜನ ತಪ್ಪಾಗಿ ತಿಳಿಯುವುದೇ ಜಾಸ್ತಿ. ಇನ್ಹೇಲರ್ ಇಟ್ಟುಕೊಳ್ಳಲು ಬಿಡಿ ಅಂತ ಈ ಕಾಯ್ದೆ ಶಾಲೆಗಳಿಗೆ ಆಜ್ಞೆ ಮಾಡಲಿಲ್ಲ. ಮಕ್ಕಳಿಗೆ ಆ ಹಕ್ಕು ಕೊಟ್ಟ ರಾಜ್ಯಗಳಿಗೆ ಅಸ್ತಮಾ ಅನುದಾನದಲ್ಲಿ ಆದ್ಯತೆ ಅಂತ ಹೇಳಿತು, ಅಷ್ಟೆ. ಶಾಲೆಯೊಳಗೆ ಮಾತ್ರವಲ್ಲ, ಪಂದ್ಯ, ಪ್ರವಾಸ, ಬಸ್ಸಿನ ದಾರಿಯಲ್ಲೂ ಅವಕಾಶ ಇರಬೇಕು ಅಂದಿತು. ಜೊತೆಗೆ ಷರತ್ತುಗಳು: ವೈದ್ಯರು ಬರೆದುಕೊಟ್ಟ ಔಷಧಿಯಾಗಿರಬೇಕು, ಬಳಸಲು ಬರುತ್ತದೆ ಅಂತ ಮಗು ವೈದ್ಯರಿಗೂ ಶಾಲೆಯ ನರ್ಸ್ ಇದ್ದರೆ ಅವರಿಗೂ ಮಾಡಿ ತೋರಿಸಬೇಕು, ಲಿಖಿತ ಚಿಕಿತ್ಸಾ ಯೋಜನೆ ಬೇಕು, ಪೋಷಕರು ಶಾಲೆಯ ಕಾಗದಪತ್ರ ತುಂಬಬೇಕು.

ಆಜ್ಞೆಯಲ್ಲದಿದ್ದರೂ ಕೆಲಸ ಮಾಡಿತು. ಮುಂದಿನ ಹತ್ತು ಹನ್ನೆರಡು ವರ್ಷದಲ್ಲಿ ಉಳಿದ ರಾಜ್ಯಗಳೂ ಬಂದವು. ನಂತರ ಪ್ರಶ್ನೆ ಬೇರೆ ಕಡೆ ಹೊರಳಿತು. ತನಗೆ ಅಲರ್ಜಿ ಇದೆ ಅಂತಲೇ ಗೊತ್ತಿಲ್ಲದ ಮಗುವಿನ ಗತಿ ಏನು? ಶಾಲೆಗಳಲ್ಲಿ ಆಗುವ ತೀವ್ರ ಅಲರ್ಜಿ ಪ್ರಕರಣಗಳಲ್ಲಿ ಸುಮಾರು ಕಾಲು ಭಾಗ ಇಂಥವೇ. 2012ರ ಜನವರಿಯಲ್ಲಿ ವರ್ಜೀನಿಯಾದಲ್ಲಿ ಕಡಲೆಕಾಯಿ ಅಲರ್ಜಿಯಿಂದ ಒಂದನೇ ತರಗತಿಯ ಹುಡುಗಿ ಶಾಲೆಯಲ್ಲೇ ಕುಸಿದು ತೀರಿಕೊಂಡಳು. ಅದೇ ವರ್ಷ ಆ ರಾಜ್ಯ ಎಲ್ಲ ಸರ್ಕಾರಿ ಶಾಲೆಗಳಲ್ಲಿ ಎಪಿನೆಫ್ರಿನ್ ದಾಸ್ತಾನು ಇರಬೇಕು ಅಂತ ಕಾನೂನು ಮಾಡಿತು. 2013ರ ನವೆಂಬರಿನಲ್ಲಿ ಒಬಾಮಾ ಸಹಿಯೊಂದಿಗೆ ಫೆಡರಲ್ ಮಟ್ಟದಲ್ಲೂ ಇದಕ್ಕೆ ಪ್ರೋತ್ಸಾಹ ಬಂತು. ಮತ್ತೆ ಆಜ್ಞೆಯಲ್ಲ, ಆದ್ಯತೆಯೇ.

ಬೇರೆ ದೇಶಗಳೂ ಇದೇ ದಾರಿ ತುಳಿದವು. ಕೆನಡಾದ ಒಂಟಾರಿಯೊದಲ್ಲಿ 2012ರಲ್ಲಿ 12 ವರ್ಷದ ಹುಡುಗನೊಬ್ಬ ಶಾಲೆಯಲ್ಲಿ ಅಸ್ತಮಾದಿಂದ ತೀರಿಕೊಂಡಾಗ ಅವನ ಇನ್ಹೇಲರ್ ಪ್ರಿನ್ಸಿಪಾಲರ ಆಫೀಸಿನಲ್ಲಿ ಬೀಗದೊಳಗಿತ್ತು. 2015ರಲ್ಲಿ, ಮಕ್ಕಳು ಇನ್ಹೇಲರ್ ಜೊತೆಗಿಟ್ಟುಕೊಳ್ಳಲು ಬಿಡಬೇಕು ಅನ್ನುವ ರಯಾನ್ಸ್ ಲಾ ಅವನ ಹೆಸರಿನಲ್ಲೇ ಬಂತು. ಬ್ರಿಟನ್ನಿನಲ್ಲಿ 2014ರಿಂದ ಶಾಲೆಗಳು ತುರ್ತಿಗೆ ಇನ್ಹೇಲರನ್ನು, 2017ರಿಂದ ಅಡ್ರಿನಲಿನ್ (ಎಪಿನೆಫ್ರಿನ್‌ಗೆ ಅಲ್ಲಿನ ಹೆಸರು) ಪೆನ್ನನ್ನು ಪ್ರಿಸ್ಕ್ರಿಪ್ಷನ್ ಇಲ್ಲದೆ ಖರೀದಿಸಿ ಇಟ್ಟುಕೊಳ್ಳಬಹುದು.

ಹಾಗಾದರೆ ಅಮೆರಿಕದಲ್ಲಿ ಈಗಲೂ ಜಗಳ ಯಾಕೆ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗಿದೆ. ಬೀರುವಿನ ಬೀಗ ತೆಗೆದ ಜಾಗಕ್ಕೆ ಫಾರಂ ಬಂದು ಕೂತಿದೆ. ಅನುಮತಿ ಸಾಮಾನ್ಯವಾಗಿ ಒಂದು ಶಾಲಾ ವರ್ಷಕ್ಕೆ ಮಾತ್ರ. ಅಂದರೆ ಪ್ರತಿ ವರ್ಷ ಡಾಕ್ಟರ ಅಪಾಯಿಂಟ್‌ಮೆಂಟು, ಸಹಿ, ಹೊಸ ಯೋಜನೆ. ಇನ್ಶೂರೆನ್ಸ್ ಚೆನ್ನಾಗಿರುವ, ಅರ್ಧ ದಿನ ರಜೆ ಸಿಗುವ ಅಪ್ಪ ಅಮ್ಮನಿಗೆ ಇದು ಸುಮ್ನೆ ಒಂದು ಕಿರಿಕಿರಿ. ಎರಡು ಕಡೆ ದುಡಿಯುವ ತಾಯಿಗೆ ಹಾಗಲ್ಲ.

ಬೆಲೆಯೂ ಕೈ ಕಟ್ಟಿತು. ಜೇಬಿಗೊಂದು, ಶಾಲೆಯಲ್ಲಿ ಹೆಚ್ಚುವರಿ ಒಂದು, ಮನೆಗೊಂದು ಬೇಕಲ್ವಾ? ಓಝೋನ್ ಪದರ ಉಳಿಸಲು ಆ ಪದರವನ್ನು ಹಾಳುಮಾಡುವ ಸಿಎಫ್‌ಸಿ ಅನಿಲದ ಹಳೆಯ ಇನ್ಹೇಲರುಗಳನ್ನು 2008ರ ಕೊನೆಗೆ ನಿಲ್ಲಿಸಿದಾಗ ಅಗ್ಗದ ಜೆನೆರಿಕ್‌ಗಳು ಹೋಗಿ ಪೇಟೆಂಟ್ ಇರುವ ದುಬಾರಿಯವು ಉಳಿದವು. 2007ರಲ್ಲಿ ಸುಮಾರು 100 ಡಾಲರ್ ಇದ್ದ ಎಪಿಪೆನ್ 2016ರ ಹೊತ್ತಿಗೆ ಎರಡರ ಪ್ಯಾಕಿಗೆ 600 ಡಾಲರ್ ದಾಟಿತ್ತು. ಸಂಸತ್ತಿನಲ್ಲಿ ವಿಚಾರಣೆ ಆಯಿತು, ಅರ್ಧ ಬೆಲೆಯ ಜೆನೆರಿಕ್ ಬಂತು. 2024ರಲ್ಲಿ ಕೆಲವು ಕಂಪನಿಗಳು ಇನ್ಹೇಲರಿಗೆ ತಿಂಗಳಿಗೆ 35 ಡಾಲರಿನ ಮಿತಿ ಹಾಕಿದವು.

ಎಲ್ಲ ಫಾರಂ ತುಂಬಿದ ಮೇಲೂ ಮಗು ಮಗುವೇ. ಇನ್ಹೇಲರ್ ಬ್ಯಾಗಿನ ತಳದಲ್ಲಿರುತ್ತದೆ, ಬ್ಯಾಗು ಲಾಕರಿನಲ್ಲಿ, ಆಟದ ಚಡ್ಡಿಗೆ ಜೇಬಿಲ್ಲ. ಡೋಸ್ ಎಣಿಸುವ ಕಿಂಡಿಯಲ್ಲಿ ಸೊನ್ನೆ ಬಂದು ಎಷ್ಟು ದಿನ ಆಯಿತೋ ಯಾರೂ ನೋಡಿರುವುದಿಲ್ಲ. ಗೆಳೆಯರ ಮುಂದೆ ಎಳೆಯಲು ನಾಚಿಕೆ ಬೇರೆ. 2005ರಲ್ಲಿ ರಾಷ್ಟ್ರೀಯ ಅಸ್ತಮಾ ಕಾರ್ಯಕ್ರಮ ಕೊಟ್ಟ ಮಾರ್ಗದರ್ಶನದಲ್ಲಿ ಇದಕ್ಕೆಲ್ಲ ಜಾಗವಿತ್ತು. ವಯಸ್ಸೊಂದನ್ನೇ ನೋಡಬೇಡಿ, ಮಗುವಿಗೆ ಇಟ್ಟುಕೊಳ್ಳುವ ಮನಸ್ಸಿದೆಯಾ, ಲಕ್ಷಣ ಗುರುತಿಸಲು ಬರುತ್ತದಾ ನೋಡಿ ಅಂತ ಅದು ಹೇಳಿತ್ತು. ಆ ಸಾವಧಾನ ಎಲ್ಲ ಕಡೆ ಇಲ್ಲ, ಟಿಕ್ ಹಾಕುವ ಚೌಕ ಇದೆ.

ಈಗ ಹೊಸ ತೊಡಕೊಂದು ಬಂದಿದೆ. 2024ರ ಆಗಸ್ಟಿನಲ್ಲಿ ಸೂಜಿಯಿಲ್ಲದ, ಮೂಗಿಗೆ ಹೊಡೆಯುವ ಎಪಿನೆಫ್ರಿನ್ ಸ್ಪ್ರೇ ನೆಫಿಗೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಚುಚ್ಚಲು ಹೆದರುವ ಮಕ್ಕಳಿಗೂ ಟೀಚರಿಗೂ ಇದು ಅನುಕೂಲವೇ. ಆದರೆ ಎಷ್ಟೋ ರಾಜ್ಯಗಳ ಕಾನೂನಿನಲ್ಲಿ ಆಟೋ ಇಂಜೆಕ್ಟರ್ ಅಂತ ಮಾತ್ರ ಬರೆದಿದ್ದರಿಂದ, ಶಾಲೆಯ ಮಟ್ಟಿಗೆ ಸ್ಪ್ರೇ ಆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅನ್ನುವ ಪ್ರಶ್ನೆ ಎದ್ದಿತು. ಒಂದೊಂದೇ ರಾಜ್ಯ ಈಗ ಆ ಸಾಲುಗಳನ್ನು ತಿದ್ದಲು ಮತ್ತೆ ಮಸೂದೆ ತರುತ್ತಿದೆ.