ಚೇಂಬರ್‌ಗೆ ಸೇರದೆ ಅಂಗಡಿ ಹಾಕಿದರೆ ತೊಂದರೆಯಾ?

ಪ್ರಶ್ನೆ: ಸುರತ್ಕಲ್‌ನಲ್ಲಿ ಗೇರುಬೀಜ, ಡ್ರೈಫ್ರೂಟ್ಸ್ ಅಂಗಡಿ ಹಾಕುತ್ತಿದ್ದೇನೆ. ಚೇಂಬರ್ ಆಫ್ ಕಾಮರ್ಸ್‌ನಲ್ಲಿ ರಿಜಿಸ್ಟರ್ ಮಾಡಿಸದಿದ್ದರೆ ತೊಂದರೆಯಾಗುತ್ತದಾ? ಅಷ್ಟಕ್ಕೂ ಅವರಿಂದ ನಮಗೆ ಎಂತ ಉಪಯೋಗ?

ಉತ್ತರ: ತೊಂದರೆ ಏನೂ ಇಲ್ಲ ಮಾರಾಯ್ರೆ. ಲೆಕ್ಕಪತ್ರದ ಕೆಲಸ ಮಾಡುವ ನನಗೆ ಈ ಪ್ರಶ್ನೆ ಎಷ್ಟು ಸಲ ಬಂದಿದೆ ಅಂದರೆ, ಉತ್ತರವನ್ನು ಬರೆದು ಗೋಡೆಗೆ ಅಂಟಿಸೋಣ ಅನ್ನಿಸಿದ್ದಿದೆ. ಚೇಂಬರ್ ಸರ್ಕಾರಿ ಆಫೀಸಲ್ಲ. ವ್ಯಾಪಾರಿಗಳೂ ಉದ್ಯಮಿಗಳೂ ಸೇರಿ ಕಟ್ಟಿಕೊಂಡ ಸಂಘ. ನಮ್ಮ ಮಂಗಳೂರಿನ ಕೆನರಾ ಚೇಂಬರ್ 1940ರದ್ದು. ಬೇಕಾದವರು ಚಂದಾ ಕಟ್ಟಿ ಸದಸ್ಯರಾಗುತ್ತಾರೆ, ಬೇಡದವರು ಸುಮ್ನೆ ಇರುತ್ತಾರೆ. ಅಷ್ಟೇ.

ನಿಮಗೆ ನಿಜವಾಗಿ ಬೇಕಾದ ಕಾಗದಗಳೇ ಬೇರೆ. ಟ್ರೇಡ್ ಲೈಸೆನ್ಸ್ ಮಹಾನಗರಪಾಲಿಕೆಯಿಂದ. ತಿನ್ನುವ ವಸ್ತು ಮಾರುವುದರಿಂದ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ. ಅಂಗಡಿ ನೋಂದಣಿ ಕಾರ್ಮಿಕ ಇಲಾಖೆಯಲ್ಲಿ. ರಾಜ್ಯದೊಳಗೇ ಮಾರುವುದಾದರೆ ವರ್ಷದ ವಹಿವಾಟು 40 ಲಕ್ಷ ದಾಟಿದ ಮೇಲೆ ಜಿಎಸ್‌ಟಿ. ತಕ್ಕಡಿಗೆ ಮುದ್ರೆ ಹಾಕಿಸಲು ಮರೆಯಬೇಡಿ, ಎಲ್ಲರೂ ಮರೆಯುವುದು ಅದನ್ನೇ. ಇದರಲ್ಲಿ ಒಂದನ್ನೂ ಚೇಂಬರ್ ಕೊಡುವುದಿಲ್ಲ, ಕಸಿದುಕೊಳ್ಳುವುದೂ ಇಲ್ಲ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿಯಂತೂ ಆಧಾರ್, ಪಾನ್ ಇದ್ದರೆ ಮೊಬೈಲ್‌ನಲ್ಲೇ ಆಗುತ್ತದೆ, ಪುಕ್ಕಟೆ. ಕಳೆದ ವರ್ಷ ಒಬ್ಬರು 'ಚೇಂಬರ್ ರಿಜಿಸ್ಟ್ರೇಷನ್' ಅಂತ ಯಾರೋ ಏಜೆಂಟನಿಗೆ ದುಡ್ಡು ಕೊಟ್ಟು ಬಂದಿದ್ದರು. ಅವನು ಪ್ರಿಂಟ್ ತೆಗೆದು, ಲ್ಯಾಮಿನೇಟ್ ಮಾಡಿ ಕೊಟ್ಟದ್ದು ಇದೇ ಪುಕ್ಕಟೆ ಉದ್ಯಮ್ ಪತ್ರ!

ಈ ತಪ್ಪು ತಿಳಿವಳಿಕೆ ಹೋಗದೇ ಇರುವುದಕ್ಕೆ ಕಾರಣವೂ ಇದೆ. ನಮ್ಮ ಊರಲ್ಲಿ ಮನೆಗೊಬ್ಬರು ಗಲ್ಫ್‌ನಲ್ಲಿ ಅಲ್ವಾ? ದುಬೈಯಲ್ಲಿ ಅಂಗಡಿ ಹಾಕಿದವರಿಗೆ ಟ್ರೇಡ್ ಲೈಸೆನ್ಸಿನ ಜೊತೆಗೇ ಚೇಂಬರ್ ಸದಸ್ಯತ್ವದ ಫೀಸೂ ಬಂದು ಕೂರುತ್ತದೆ. ಜರ್ಮನಿಯಲ್ಲೂ ವ್ಯಾಪಾರಿ ಚೇಂಬರ್ ಸದಸ್ಯನಾಗಿರಲೇಬೇಕು, ಅಲ್ಲಿ ಅದು ಕಾನೂನು. ಊರಿಗೆ ಬಂದ ಭಾವ ಹಾಗೆ ಹೇಳಿದರೆ ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಅವರ ಊರಿನ ಮಾತನ್ನು ನಮ್ಮ ಊರಿಗೆ ಹಚ್ಚುತ್ತಿದ್ದಾರೆ. ಭಾರತದಲ್ಲಿ ಅಂಥ ಕಾನೂನಿಲ್ಲ.

ಇನ್ನೊಂದು ಕಾರಣ ಸೀಲು. ಸೀಲು ಕಂಡರೆ ನಮಗೆ ಸರ್ಕಾರವೇ ನೆನಪಾಗುತ್ತದೆ. ಮಾಲು ಹೊರದೇಶಕ್ಕೆ ಕಳಿಸುವವರಿಗೆ 'ಸರ್ಟಿಫಿಕೇಟ್ ಆಫ್ ಒರಿಜಿನ್' ಬೇಕಾಗುತ್ತದೆ. ಈ ಸರಕು ಭಾರತದ್ದೇ ಅಂತ ಹೇಳುವ ಕಾಗದ. ಇದರಲ್ಲಿ ಎರಡು ಬಗೆ. ಸುಂಕದ ರಿಯಾಯಿತಿ ಕೇಳದ ಸಾಮಾನ್ಯ ಬಗೆಯದ್ದನ್ನು ಕೊಡಲು ಕೇಂದ್ರದ ವಿದೇಶಿ ವ್ಯಾಪಾರ ಇಲಾಖೆಯಾದ ಡಿಜಿಎಫ್‌ಟಿ ಚೇಂಬರ್‌ನಂಥ ಸಂಸ್ಥೆಗಳಿಗೆ ಅಧಿಕಾರ ಕೊಟ್ಟಿದೆ. ಯುಎಇ ಜೊತೆ 2022ರ ಮೇ 1ರಿಂದ ಜಾರಿಗೆ ಬಂದ ಒಪ್ಪಂದದಡಿ ಸುಂಕ ಕಡಿಮೆ ಮಾಡಿಸಿಕೊಳ್ಳಲು ಬೇಕಾದದ್ದು ಇನ್ನೊಂದು ಬಗೆ, ಅದಕ್ಕೆ ಬೇರೆ ಏಜೆನ್ಸಿ. ಒಂದರ ಬದಲು ಇನ್ನೊಂದು ಮಾಡಿಸಿ ಕೂತವರನ್ನು ನೋಡಿದ್ದೇನೆ.

ಆ ಕಾಗದದ ಹಿಂದಿನ ಕೆಲಸ ನೋಡಬೇಕು. ಗೇರುಬೀಜದ ಒಂದು ಕಾರ್ಟನ್ ಅಂದರೆ 22.68 ಕಿಲೋ, ಅಂದರೆ ಹಳೇ ಲೆಕ್ಕದ 50 ಪೌಂಡ್. ಇಪ್ಪತ್ತು ಅಡಿಯ ಕಂಟೇನರ್‌ಗೆ ಸಾಮಾನ್ಯವಾಗಿ 700 ಕಾರ್ಟನ್. ಇನ್‌ವಾಯ್ಸ್‌ನಲ್ಲಿ 700 ಇದ್ದು ಸರ್ಟಿಫಿಕೇಟಿನಲ್ಲಿ ಒಂದು ಸೊನ್ನೆ ಬಿಟ್ಟುಹೋದರೆ ಅಥವಾ ಕೊಳ್ಳುವವನ ಹೆಸರಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿಯಾದರೆ, ಎಲ್‌ಸಿ (ಕಾಗದ ಸರಿ ಇದ್ದರೆ ಮಾಲಿನ ಹಣ ಕೊಡುತ್ತೇವೆ ಅನ್ನುವ ಬ್ಯಾಂಕಿನ ಖಾತರಿ ಪತ್ರ) ಇಟ್ಟುಕೊಂಡ ಬ್ಯಾಂಕು ತಕರಾರು ತೆಗೆಯುತ್ತದೆ. ಮಾಲು ಹಡಗಿನಲ್ಲಿ, ದುಡ್ಡು ಬ್ಯಾಂಕಿನಲ್ಲಿ, ನೀವು ನಡುವೆ. ಅರ್ಜಿ ಈಗ ಆನ್‌ಲೈನ್ ಆಗಿದ್ದರೂ ಕಾಗದಗಳನ್ನು ತಾಳೆ ನೋಡುವುದು ಮನುಷ್ಯರೇ.

ಇನ್ನು, ಸದಸ್ಯರಾದರೆ ಎಂತ ಸಿಗುತ್ತದೆ? ಮುಖ್ಯವಾಗಿ ಒಟ್ಟಾಗಿ ಮಾತಾಡುವ ಬಲ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದು ಲಾರಿಗಳು ನಿಂತಾಗ ನೀವೊಬ್ಬರೇ ಬರೆದ ಪತ್ರ ಯಾವ ಫೈಲಿನಲ್ಲಿ ಮಲಗುತ್ತದೋ ದೇವರೇ ಬಲ್ಲ. ಸಂಘದ ಲೆಟರ್‌ಹೆಡ್‌ನಲ್ಲಿ ಹೋದರೆ ಅಧಿಕಾರಿ ಕೊನೇಪಕ್ಷ ಮೀಟಿಂಗ್ ಕರೆಯುತ್ತಾರೆ. ಬಜೆಟ್ ಮುಂಚಿನ ಮನವಿ, ಜಿಎಸ್‌ಟಿ ಬದಲಾದಾಗ ಮಾಹಿತಿ ಸಭೆ, ಹೊಸ ಗಿರಾಕಿಯ ಪರಿಚಯ ಎಲ್ಲ ಇದರ ಹಿಂದೆ. ಹೊಸ ಅಂಗಡಿಯವರು ಮೊದಲ ವರ್ಷವೇ ಓಡಿಹೋಗಿ ಸೇರಬೇಕಾಗಿಲ್ಲ, ಇದು ನನ್ನ ಅಭಿಪ್ರಾಯ. ರಫ್ತಿನ ಯೋಚನೆ ಇದ್ದರೆ ಆ ಮಾತು ಬೇರೆ.

ಬಾಕಿ ವಸೂಲಿ ಮಾಡಿಕೊಡುತ್ತಾರಾ ಅಂತಲೂ ಕೆಲವರು ಕೇಳುತ್ತಾರೆ. ಇಲ್ಲ. ಸಣ್ಣ ಉದ್ಯಮಗಳಿಗಾಗಿ ಮಾಡಿದ 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ ಬಾಕಿ ಕೊಡಲು 45 ದಿನದ ಗಡುವಿದೆ, ದೂರು ಕೊಡಲು ಸರ್ಕಾರದ್ದೇ ಮಂಡಳಿ ಇದೆ. ಆದರೆ ಅದು ಸಣ್ಣ ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ. ತಂದು ಮಾರುವ ನಿಮಗೆ ಅದು ಸಿಗುವುದಿಲ್ಲ.

ಯಾರೂ ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. ಜಿಲ್ಲೆ ದಕ್ಷಿಣ ಕನ್ನಡ, ಚೇಂಬರ್ ಯಾಕೆ 'ಕೆನರಾ'? ಬ್ರಿಟಿಷರ ಕಾಲದಲ್ಲಿ ಇಡೀ ಕರಾವಳಿ ಒಂದೇ ಕೆನರಾ ಜಿಲ್ಲೆ. ಅದನ್ನು ಎರಡು ಮಾಡಿ, 1862ರಲ್ಲಿ ಉತ್ತರದ ತುಂಡನ್ನು ಮುಂಬೈ ಪ್ರಾಂತ್ಯಕ್ಕೆ ಕೊಟ್ಟರು. ನಾವು 1956ರ ತನಕ ಮದ್ರಾಸಿನ ಕಡೆ ಉಳಿದೆವು. ಅಂದರೆ ಈ ಚೇಂಬರ್ ಶುರುವಾದಾಗ ಮಂಗಳೂರಿನ ವ್ಯಾಪಾರಿಯ ಮನವಿ ಹೋಗುತ್ತಿದ್ದದ್ದು ಬೆಂಗಳೂರಿಗಲ್ಲ, ಮದ್ರಾಸಿಗೆ. ಉಡುಪಿ ಬೇರೆ ಜಿಲ್ಲೆಯಾದದ್ದಂತೂ 1997ರಲ್ಲಿ. ಜಿಲ್ಲೆಯ ಹೆಸರು, ಗಡಿ ಎಲ್ಲ ಬದಲಾದರೂ ಚೇಂಬರ್‌ನ ಬೋರ್ಡು ಹಾಗೇ ಉಳಿಯಿತು. ಬ್ಯಾಂಕಿನ 'ಕೆನರಾ' ಇಂಗ್ಲಿಷ್‌ನಲ್ಲಿ ಸಿ ಅಕ್ಷರದಿಂದ, ಚೇಂಬರ್‌ನ 'ಕೆನರಾ' ಕೆ ಅಕ್ಷರದಿಂದ. ಅರ್ಜಿ ತುಂಬುವಾಗ ನೋಡಿಕೊಳ್ಳಿ.

ಮತ್ತೆ, ಚೇಂಬರ್ ಇರುವುದು ಬಂದರಿನಲ್ಲಿ. ಬಂದರು ಅಂದರೆ ಪಟ್ಟಣದೊಳಗಿನ ಹಳೇ ಬಂದರು. ಮೊನ್ನೆ ಒಬ್ಬರು ಪಣಂಬೂರಿಗೆ ಹೋಗಿ, ಹೊಸ ಬಂದರಿನ ಗೇಟಿನ ಎದುರು ನಿಂತು ನನಗೆ ಫೋನ್ ಮಾಡಿದ್ದರು.