ವೀರಶೈವ-ಲಿಂಗಾಯತ ಜಗಳದಲ್ಲಿ ವಚನಗಳು: ಇದು ಎಲ್ಲಿಂದ ಶುರುವಾಯ್ತು?

2018ರ ಮಾರ್ಚಲ್ಲಿ ರಾಜ್ಯ ಸರ್ಕಾರ ನಾಗಮೋಹನ್ ದಾಸ್ ಸಮಿತಿ ವರದಿ ಒಪ್ಕೊಂಡು ಲಿಂಗಾಯತರಿಗೆ ಧಾರ್ಮಿಕ ಅಲ್ಪಸಂಖ್ಯಾತರ ಸ್ಥಾನ ಕೊಡಿ ಅಂತ ಕೇಂದ್ರಕ್ಕೆ ಶಿಫಾರಸು ಕಳಿಸ್ತಲ್ಲ, ಆಗ ಲಿಂಗಾಯತ ಬೇರೆ ಧರ್ಮ ಅನ್ನೋರು, ವೀರಶೈವ-ಲಿಂಗಾಯತ ಎರಡೂ ಒಂದೇ ಅನ್ನೋರು, ಎರಡೂ ಕಡೆಯೋರು ಸಾಕ್ಷಿಗೆ ಕರೆದಿದ್ದು ವಚನಗಳನ್ನೇ. ಒಬ್ರು ಬಸವಣ್ಣನ "ವೇದಕ್ಕೆ ಒರೆಯ ಕಟ್ಟುವೆ" ಅಂತ ವೇದವನ್ನ ಪ್ರಶ್ನಿಸೋ ಸಾಲು ಹೇಳಿದ್ರೆ ಇನ್ನೊಬ್ರು ಚೆನ್ನಬಸವಣ್ಣನ ವಚನಗಳಲ್ಲಿರೋ ಸಂಸ್ಕೃತ ಶ್ಲೋಕ ತೋರಿಸ್ತಿದ್ರು. ಅದೆಲ್ಲ ಆಮೇಲೆ ಯಾರೋ ಸೇರ್ಸಿದ್ದು ಅನ್ನೋರೂ ಇದ್ರು ಬಿಡಿ.

12ನೇ ಶತಮಾನದ ಕಲ್ಯಾಣ ಚದುರಿಹೋದ ಮೇಲೆ ವಚನಗಳೂ ಚದುರಿದ್ವು. 15ನೇ ಶತಮಾನದಲ್ಲಿ, ವಿಜಯನಗರದ ಕಾಲಕ್ಕೆ, ವಿರಕ್ತರು, ಅಂದ್ರೆ ಮಠದ ಸನ್ಯಾಸಿಗಳು, ಅವನ್ನ ಒಟ್ಟುಮಾಡಿ ಶರಣರ ಸಂವಾದದ ರೂಪದಲ್ಲಿ ಶೂನ್ಯಸಂಪಾದನೆ ಅನ್ನೋ ಗ್ರಂಥ ಕಟ್ಟಿದ್ರು. ಅದ್ರಲ್ಲಿ ಅಲ್ಲಮ ಕೇಳ್ತಾನೆ, ಅಕ್ಕ ಉತ್ತರ ಕೊಡ್ತಾಳೆ, ಬೇರೆಬೇರೆ ಹೊತ್ತಲ್ಲಿ ಆಡಿರಬಹುದಾದ ಮಾತುಗಳು ಎದುರುಬದುರು ಕೂತು ವಾದ ಆಗ್ಬಿಡ್ತವೆ. ಷಟ್‌ಸ್ಥಲದ, ಅಂದ್ರೆ ಸಾಧನೆಯ ಆರು ಹಂತಗಳ ಪ್ರಕಾರ ಜೋಡಿಸಿದ, ಕಟ್ಟುಗಳಲ್ಲಿ ಅದೇ ವಚನ ಭಕ್ತಸ್ಥಲ, ಮಹೇಶಸ್ಥಲ ಅಂತ ಸಾಧನೆಯ ಮೆಟ್ಟಿಲು. ಅಂದ್ರೆ ಯಾವ ವಚನದ ಪಕ್ಕ ಯಾವುದನ್ನ ಇಡ್ತೀರಿ ಅನ್ನೋದ್ರಲ್ಲೇ ಅರ್ಧ ಅರ್ಥ ತೀರ್ಮಾನ ಆಗೋಗಿತ್ತು. ಆಮೇಲೆ ನಾನೂರು ವರ್ಷ ಓಲೆಗರಿ, ಮಠ, ಜಗಲಿ ಮೇಲೆ ಪೂಜೆ.

ಕಥೆ ತಿರುಗೋದು ವಿಜಯಪುರದಲ್ಲಿ. ವಕೀಲಿ ಮಾಡ್ಕೊಂಡಿದ್ದ ಫ.ಗು. ಹಳಕಟ್ಟಿ ಊರೂರು, ಮಠಮಠ ತಿರುಗಿ ಓಲೆಗರಿ ಹುಡುಕಿ, ನಕಲು ಮಾಡಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ತಂದ್ರು, ಆಮೇಲೆ ಸ್ವಂತ ಪ್ರೆಸ್ಸನ್ನೇ ಹಾಕಿ 1926ರಲ್ಲಿ 'ಶಿವಾನುಭವ' ಪತ್ರಿಕೆನೂ ಶುರು ಮಾಡಿದ್ರು. ಅಲ್ಲೀವರೆಗೂ ಗುರುಗಳು ಬಿಡಿಸಿ ಹೇಳಿದ್ಮೇಲೆ ತಿಳೀತಿದ್ದ ವಚನ ಈಗ ಮೇಷ್ಟ್ರ ಕೈಗೂ ಬಂತು, ಸಮಾಜ ಸುಧಾರಕರ ಕೈಗೂ ಬಂತು, ದೀಕ್ಷೆ ಇಲ್ಲ ಏನಿಲ್ಲ ಪುಸ್ತಕ ತಗೊಂಡು ಓದೋದೇ, ಹಾಗಾಗಿ ಒಬ್ರಿಗೆ ಅದು ಕವಿತೆ ಆಯ್ತು, ಒಬ್ರಿಗೆ ಜಾತಿ ವಿರುದ್ಧದ ದನಿ ಆಯ್ತು, ಇನ್ನೊಬ್ರಿಗೆ ಶೈವ ಸಿದ್ಧಾಂತವಾಗೇ ಉಳೀತು. ಒಳ್ಳೇದೇ ಆಯ್ತು ಅನ್ಸುತ್ತೆ. ಆದ್ರೆ ಬಿಡಿಸಿ ಓದೋ ತಾಳ್ಮೆ ಪುಸ್ತಕದ ಜೊತೆ ಬರ್ಲಿಲ್ಲ.

1990ರ ದಶಕದಲ್ಲಿ ಸರ್ಕಾರವೇ 15 ಸಂಪುಟಗಳಲ್ಲಿ ಸಮಗ್ರ ವಚನ ತಂತು, ಈ ಸಲ ವಚನಕಾರರ ಪ್ರಕಾರ ಜೋಡಿಸಿ. ಅದೇ ದಶಕದಲ್ಲೇ ಬಸವಣ್ಣನ ಅಂಕಿತಕ್ಕೂ, ಅಂದ್ರೆ ವಚನದ ಕೊನೇಲಿ ಬರೋ ದೇವರ ಹೆಸರಿಗೂ, ಕೈ ಹೋಯ್ತು: ಕೂಡಲಸಂಗಮದೇವ ತೆಗೆದು ಲಿಂಗದೇವ ಅಂತ ಹಾಕಿದ್ದ 'ವಚನ ದೀಪ್ತಿ' ಅನ್ನೋ ಪುಸ್ತಕವನ್ನ 1998ರಲ್ಲಿ ಸರ್ಕಾರ ಮುಟ್ಟುಗೋಲು ಹಾಕ್ತು, 2017ರಲ್ಲಿ ಸುಪ್ರೀಂ ಕೋರ್ಟೂ ಅದನ್ನ ಎತ್ತಿಹಿಡೀತು.

2018ರ ಶಿಫಾರಸನ್ನ ಕೇಂದ್ರ ಒಪ್ಪಲಿಲ್ಲ. 2025ರಲ್ಲಿ ರಾಜ್ಯದ ಜಾತಿ ಸಮೀಕ್ಷೆ ಬಂದಾಗ ಧರ್ಮದ ಕಾಲಂನಲ್ಲಿ ಏನು ಬರೆಸ್ಬೇಕು ಅಂತ ಮತ್ತೆ ಅದೇ ಚರ್ಚೆ, ಮತ್ತೆ ಅವೇ ವಚನಗಳು, ಬಹುಪಾಲು ಹಿಂದುಮುಂದಿನ ಸಾಲು ಬಿಟ್ಟು, ಬಸವಣ್ಣನ ಫೋಟೋ ಸಮೇತ ವಾಟ್ಸಾಪಲ್ಲಿ.